ಅಪ್ಪನ ಬಿಲ್ಲು, ಸರ್ಕಾರದ ಸಾಲ

ನಾನು ಕೆಲಸ ಮಾಡೋದು ಬೆಂಗಳೂರಿನ ಒಂದು ಕಂಪನಿಯ ಪೇಮೆಂಟ್ಸ್ ವಿಭಾಗದಲ್ಲಿ. ನಮಗೆ ಸಾಮಾನು ಪೂರೈಸಿದವರ, ಸೇವೆ ಕೊಟ್ಟವರ ಬಿಲ್ಲುಗಳನ್ನು ಪರಿಶೀಲಿಸಿ ದುಡ್ಡು ಹಾಕಿಸುವುದು ನನ್ನ ಕೆಲಸ. ಸಣ್ಣ ಉದ್ಯಮದವರ ಬಿಲ್ಲು 45 ದಿನ ದಾಟುವ ಹಾಗಿಲ್ಲ, ಕಾನೂನೇ ಹಾಗಿದೆ. 40ನೇ ದಿನಕ್ಕೆ ನನ್ನ ಸ್ಕ್ರೀನ್ ಮೇಲೆ ಆ ಸಾಲು ಹಳದಿ ಆಗುತ್ತೆ. 45 ದಾಟಿದರೆ ಕೆಂಪು. ಕೆಂಪಾದ ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಫೋನ್ ಬರುತ್ತೆ.

ನಮ್ಮಪ್ಪನ ಒಂದು ಬಿಲ್ಲು 28 ತಿಂಗಳು ಬಾಕಿ ಇತ್ತು. ಯಾರಿಗೂ ಫೋನ್ ಬರಲಿಲ್ಲ.

ಅಪ್ಪ ಸಣ್ಣ ಕಂಟ್ರ್ಯಾಕ್ಟರ್. ಹೈವೇ, ಫ್ಲೈಓವರ್ ಮಾಡುವಂಥವರಲ್ಲ. ಹಳ್ಳಿ ರಸ್ತೆ, ಶಾಲೆ ಕಾಂಪೌಂಡು, ಚರಂಡಿ, ಮೋರಿ. ಒಂದು ಸೆಕೆಂಡ್ ಹ್ಯಾಂಡ್ ಮಿಕ್ಸರ್, ಬಾಡಿಗೆಗೆ ತಂದ ರೋಲರ್, ಹನ್ನೆರಡು ಜನ ಕೂಲಿಯವರು, ಮೇಸ್ತ್ರಿ ಒಬ್ಬರು. ಇಷ್ಟೇ ಅವರ ಸಾಮ್ರಾಜ್ಯ. ನನ್ನ ಡಿಗ್ರಿ, ತಮ್ಮನ ಡಿಪ್ಲೊಮಾ, ಊರಿನ ಮನೆಯ ಆರ್‌ಸಿಸಿ, ಎಲ್ಲ ಬಂದಿದ್ದು ಈ ಮಿಕ್ಸರ್‌ನ ಹೊಟ್ಟೆಯಿಂದಲೇ.

2020ರ ಕೊನೆಯಲ್ಲಿ ಅವರಿಗೆ 38 ಲಕ್ಷದ ಒಂದು ಕೆಲಸ ಸಿಕ್ಕಿತು. ಎರಡು ಹಳ್ಳಿಗಳ ನಡುವೆ ರಸ್ತೆ, ನಡುವೆ ಒಂದು ಹಳ್ಳಕ್ಕೆ ಮೋರಿ. ಮಳೆಗಾಲದಲ್ಲಿ ಆ ಹಳ್ಳ ತುಂಬಿದರೆ ಮಕ್ಕಳು ಮೂರು ದಿನ ಶಾಲೆಗೆ ಹೋಗುತ್ತಿರಲಿಲ್ಲವಂತೆ. ಅಪ್ಪ ಮನಸ್ಸಿಟ್ಟು ಮಾಡಿದರು. ಮಧ್ಯೆ ಮಧ್ಯೆ ಸ್ವಲ್ಪ ಸ್ವಲ್ಪ ದುಡ್ಡು ಬಂತು. ಕೆಲಸ ಮುಗಿದು, ಅಳತೆ ಪುಸ್ತಕದಲ್ಲಿ ಎಂಟ್ರಿ ಆಗಿ, 2021ರ ಮಾರ್ಚ್‌ನಲ್ಲಿ ಕೊನೆಯ ಬಿಲ್ಲು ಕೊಟ್ಟರು. 11 ಲಕ್ಷ 40 ಸಾವಿರ.

ಆಮೇಲೆ ಶುರುವಾಯಿತು ನೋಡಿ, ಕಾಯುವ ಕೆಲಸ.

ಪ್ರತಿ ಸೋಮವಾರ ಅಪ್ಪ ಬೈಕ್ ಹತ್ತಿ ಕಚೇರಿಗೆ ಹೋಗೋರು. ಪ್ರತಿ ಸೋಮವಾರ ಒಂದೇ ಉತ್ತರ: "ಎಲ್‌ಒಸಿ ಬಂದಿಲ್ಲ ಯಜಮಾನ್ರೇ." ಎಲ್‌ಒಸಿ ಅಂದರೆ ಮೇಲಿನಿಂದ ದುಡ್ಡು ಬಿಡುಗಡೆ ಮಾಡುವ ಪತ್ರ. ಅದು ಬಂದರೆ ಮಾತ್ರ ಖಜಾನೆಯಿಂದ ಹಣ ಹೊರಡುತ್ತೆ. ಆ ಕಚೇರಿಯವರು ಕೆಟ್ಟವರೇನಲ್ಲ. ಕೂರಿಸಿ ಚಹಾ ಕೊಡುತ್ತಿದ್ದರು. ಅಪ್ಪನ ಬಿಲ್ಲಲ್ಲಿ ತಪ್ಪಿರಲಿಲ್ಲ, ಕೆಲಸದಲ್ಲಿ ಕೊರತೆ ಇರಲಿಲ್ಲ. ಇದ್ದ ದುಡ್ಡಿಗಿಂತ ಹೆಚ್ಚು ಕೆಲಸಗಳಿಗೆ ಮಂಜೂರಾತಿ ಕೊಟ್ಟಾಗಿತ್ತು, ಅಷ್ಟೇ. ಒಂದು ರೂಪಾಯಿ ಇಟ್ಟುಕೊಂಡು ಮೂರು ಜನರಿಗೆ ಮಾತು ಕೊಟ್ಟ ಹಾಗೆ.

ಸಿಮೆಂಟ್ ಅಂಗಡಿಯವನು ಕಾಯಲ್ಲ. ಜಲ್ಲಿ ಕ್ರಷರ್‌ನವನು ಕಾಯಲ್ಲ. ಕೂಲಿಯವರಂತೂ ಕಾಯೋ ಸ್ಥಿತಿಯಲ್ಲೇ ಇರಲ್ಲ. ಅಪ್ಪ ಪರಿಚಯದವರ ಹತ್ತಿರ 6 ಲಕ್ಷ ಸಾಲ ತಂದರು. ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 12 ಸಾವಿರ. ಸಾಲದ್ದಕ್ಕೆ ಅಮ್ಮನ ನಾಲ್ಕು ಬಳೆ ಬ್ಯಾಂಕಿನ ಲಾಕರ್‌ಗೆ ಹೋದವು, ಅಡವಾಗಿ. ಆ ವರ್ಷ ಮಾವನ ಮಗಳ ಮದುವೆಗೆ ಅಮ್ಮ ಕೈತುಂಬ ಗಾಜಿನ ಬಳೆ ಹಾಕಿಕೊಂಡು ಬಂದಿದ್ದರು. ಯಾರೋ ಕೇಳಿದ್ದಕ್ಕೆ, "ಚಿನ್ನ ಹಾಕಿದ್ರೆ ಕೈಯೆಲ್ಲ ನವೆ ಬರ್ತಿದೆ, ಡಾಕ್ಟ್ರು ಬೇಡ ಅಂದಿದಾರೆ" ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ. ತಟ್ಟೆ ನೋಡಿಕೊಂಡು ಊಟ ಮಾಡಿದೆ.

ಬಿಲ್ಲಿನ ಹಣ ಬಂದಿದ್ದು 2023ರ ಜುಲೈನಲ್ಲಿ. ಅಷ್ಟೊತ್ತಿಗೆ ರಾಜ್ಯದಲ್ಲಿ ಸರ್ಕಾರವೇ ಬದಲಾಗಿತ್ತು. ಆ ರಾತ್ರಿ ಅಪ್ಪ ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. 38 ಲಕ್ಷದ ಕೆಲಸದಲ್ಲಿ ನಿರೀಕ್ಷಿಸಿದ್ದ ಲಾಭ 3 ಲಕ್ಷ 80 ಸಾವಿರ. 28 ತಿಂಗಳಲ್ಲಿ ಕಟ್ಟಿದ ಕೈಸಾಲದ ಬಡ್ಡಿ 3 ಲಕ್ಷ 36 ಸಾವಿರ. ಉಳಿದದ್ದು 44 ಸಾವಿರ. ಚಿನ್ನದ ಸಾಲದ ಬಡ್ಡಿ ಅದರಲ್ಲೇ ಹೋಗಬೇಕು. ಪೆನ್ನು ಕೆಳಗಿಟ್ಟು, "ಸಾಕು ಬಿಡು" ಅಂದರು. ಯಾವುದು ಸಾಕು ಅಂತ ನಾವು ಕೇಳಲಿಲ್ಲ. ಮುಂದಿನ ತಿಂಗಳು ಮಿಕ್ಸರ್ ಮಾರಿದರು.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದರೆ, "ಸರ್ಕಾರದ ಸಾಲ" ಅನ್ನುವ ಮಾತು ನನಗೆ ಮುಂಚೆ ಟಿವಿ ಚರ್ಚೆಯ ಮಾತಾಗಿತ್ತು. ಲಕ್ಷ ಕೋಟಿ ಅಂದರೆ ಎಷ್ಟು ಸೊನ್ನೆ ಅಂತಲೂ ನಾನು ಎಣಿಸಿರಲಿಲ್ಲ. ಅದಕ್ಕೂ ನಮ್ಮನೆಗೂ ಏನು ಸಂಬಂಧ? ಆ ಕ್ಯಾಲೆಂಡರ್ ಲೆಕ್ಕ ನೋಡಿದ ಮೇಲೆ ಒಂದು ವಿಷಯ ಹೊಳೆಯಿತು. ಅಪ್ಪ 28 ತಿಂಗಳು ಸರ್ಕಾರಕ್ಕೆ ಸಾಲ ಕೊಟ್ಟಿದ್ದರು. ಬಡ್ಡಿ ಇಲ್ಲದೆ. ಅದೂ ತಾವು ನೂರಕ್ಕೆ ಎರಡರಂತೆ ತಂದ ದುಡ್ಡಲ್ಲಿ.

ತಮಾಷೆ ಏನು ಗೊತ್ತಾ? ಆ 11 ಲಕ್ಷ 40 ಸಾವಿರ ಸರ್ಕಾರದ ಸಾಲದ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ನಮ್ಮ ಸರ್ಕಾರಗಳ ಲೆಕ್ಕ ನಗದು ಆಧಾರದ್ದು. ದುಡ್ಡು ಕೈಬಿಟ್ಟ ದಿನವೇ ಅದು ಖರ್ಚು. ಕೊಡಬೇಕಾಗಿದ್ದು, ಕೊಡದೇ ಉಳಿದದ್ದು ಆ ವರ್ಷದ ಕೊರತೆಯಲ್ಲಿ ಕಾಣಿಸುವುದಿಲ್ಲ. ನನ್ನ ಕಂಪನಿಯಲ್ಲಿ ನಾನು ಹಾಗೆ ಮಾಡಿದರೆ ಆಡಿಟರ್ ಬಿಡ್ತಾರಾ?

ಆಮೇಲೆ ನಾನು ಬಜೆಟ್ ಓದೋಕೆ ಶುರು ಮಾಡಿದೆ. ಎಕನಾಮಿಕ್ಸ್ ಓದಿದವಳಲ್ಲ. ಮೆಟ್ರೋದಲ್ಲಿ ಬೈಯಪ್ಪನಹಳ್ಳಿಯಿಂದ ಕೂತರೆ ಅರ್ಧ ಗಂಟೆ ಸಿಗುತ್ತೆ, ಅಷ್ಟರಲ್ಲಿ ಫೋನಲ್ಲಿ ಎಷ್ಟಾಗುತ್ತೋ ಅಷ್ಟು. ಅರ್ಥ ಆಗೋದು ಅಷ್ಟೇನೂ ಕಷ್ಟ ಇಲ್ಲ, ನಂಬಿ.

ಮೊದಲು ಕೇಂದ್ರದ್ದು. 2025-26ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರದ ಒಟ್ಟು ಖರ್ಚಿನ ಅಂದಾಜು 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 15.69 ಲಕ್ಷ ಕೋಟಿ ಆದಾಯದಿಂದ ಬರುವುದಿಲ್ಲ. ಅದೇ ವಿತ್ತೀಯ ಕೊರತೆ, ಅಂದರೆ ಆ ವರ್ಷ ಸಾಲ ಮಾಡಿ ತುಂಬಬೇಕಾದದ್ದು. ಅದೇ ವರ್ಷ ಹಳೆ ಸಾಲಕ್ಕೆ ಕಟ್ಟಬೇಕಾದ ಬಡ್ಡಿ 12.76 ಲಕ್ಷ ಕೋಟಿ. ಈ ಎರಡು ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಹೊಸದಾಗಿ ನೂರು ರೂಪಾಯಿ ಸಾಲ ತಂದರೆ, ಅದರಲ್ಲಿ 81 ರೂಪಾಯಿಯಷ್ಟು ಹಳೆ ಸಾಲದ ಬಡ್ಡಿಗೇ ಸಮ. ಅಸಲಿಗಲ್ಲ, ಬರೀ ಬಡ್ಡಿಗೆ.

ಇದನ್ನು ಓದಿದಾಗ ನನಗೆ ನಗು ಬರಲಿಲ್ಲ, ಯಾಕಂದ್ರೆ ಈ ಆಟ ನಾನೂ ಆಡಿದ್ದೆ. ಅಪ್ಪನ ಬಿಲ್ಲು ಸಿಕ್ಕಿಕೊಂಡಿದ್ದ ಕಾಲದಲ್ಲಿ ಮನೆಗೆ ದುಡ್ಡು ಕಳಿಸೋದು, ಇಲ್ಲಿ ಪಿಜಿ ಬಾಡಿಗೆ, ಜೊತೆಗೆ ಇಎಂಐ ಇದೆಯಲ್ಲ ಅಂತ ತಗೊಂಡ ಫೋನು. ಎಲ್ಲ ಸೇರಿ ನನ್ನ ಕ್ರೆಡಿಟ್ ಕಾರ್ಡ್ ಮೇಲೆ 62 ಸಾವಿರ ನಿಂತಿತ್ತು. ಪ್ರತಿ ತಿಂಗಳು ಮಿನಿಮಮ್ ಡ್ಯೂ 3,100 ಕಟ್ಟಿ, "ಅಬ್ಬಾ, ಈ ತಿಂಗಳದ್ದು ಆಯ್ತು" ಅಂತ ನಿದ್ದೆ ಮಾಡ್ತಿದ್ದೆ. ಒಂದು ದಿನ ಸ್ಟೇಟ್‌ಮೆಂಟ್ ಪೂರ್ತಿ ಓದಿದೆ. ತಿಂಗಳಿಗೆ ಶೇ 3.5 ಬಡ್ಡಿ, 2,170 ರೂಪಾಯಿ. ಅದರ ಮೇಲೆ ಜಿಎಸ್‌ಟಿ 390. ನಾನು ಕಟ್ಟಿದ 3,100ರಲ್ಲಿ ಸಾಲ ಕಡಿಮೆ ಆಗಿದ್ದು 540 ರೂಪಾಯಿ! ಮತ್ತೆ ಅದೇ ವಾರ ಸ್ವಿಗ್ಗಿಯಲ್ಲಿ 700 ಖರ್ಚು ಮಾಡಿದ್ದೆ.

ಸರ್ಕಾರ ಮತ್ತು ಮನೆ ಒಂದೇ ಅಲ್ಲ, ನಿಜ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ಹಾಗೇ ಎತ್ತಿ ಸರ್ಕಾರಕ್ಕೆ ಅಂಟಿಸಿದರೆ ಅದು ಪೂರ್ತಿ ಸರಿಯಾಗುವುದಿಲ್ಲ. ನಾನು 60ಕ್ಕೆ ರಿಟೈರ್ ಆಗ್ತೀನಿ, ಸರ್ಕಾರ ಆಗಲ್ಲ. ನಾನು ಬೇಕೆಂದಾಗ ಸಂಬಳ ಏರಿಸಿಕೊಳ್ಳೋಕಾಗಲ್ಲ, ಸರ್ಕಾರ ತೆರಿಗೆ ಏರಿಸಬಹುದು. ದೇಶದ ಆರ್ಥಿಕತೆ ಬೆಳೀತಾ ಇದ್ದರೆ ಹಳೆ ಸಾಲ ತಾನಾಗಿಯೇ ಚಿಕ್ಕದಾಗಿ ಕಾಣುತ್ತೆ. ನಮ್ಮ ಸರ್ಕಾರದ ಸಾಲದ ಬಹುಪಾಲು ರೂಪಾಯಿಯಲ್ಲೇ ಇದೆ, ಅದೂ ನಮ್ಮವರಿಂದಲೇ ಪಡೆದದ್ದು.

"ನಮ್ಮವರು" ಅಂದರೆ ಯಾರು? ನೀವು, ನಾನು. ಬ್ಯಾಂಕುಗಳು ತಮ್ಮ ಠೇವಣಿಗಳ ಶೇ 18ರಷ್ಟನ್ನು ಸರ್ಕಾರಿ ಬಾಂಡ್‌ನಂಥ ಭದ್ರ ಕಡೆ ಇಡಲೇಬೇಕು. ನಿಮ್ಮ ಪಿಎಫ್‌ನ ದೊಡ್ಡ ಪಾಲು ಸರ್ಕಾರಿ ಬಾಂಡ್‌ಗಳಲ್ಲಿದೆ. ಎಲ್‌ಐಸಿ ಪ್ರೀಮಿಯಂ ಕೂಡ ಬಹಳಷ್ಟು ಅಲ್ಲಿಗೇ ಹೋಗುತ್ತೆ. ಅಂದರೆ ಸಾಲ ಕೊಟ್ಟವರೂ ನಾವೇ, ತೆರಿಗೆ ಕಟ್ಟಿ ತೀರಿಸಬೇಕಾದವರೂ ನಾವೇ.

ಇನ್ನು ರಾಜ್ಯಕ್ಕೆ ಬರೋಣ. ಇಲ್ಲಿ ಕನ್ನಡಿಗರು ಹೆಮ್ಮೆ ಪಡಬೇಕಾದ ಒಂದು ಸಂಗತಿ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಸರ್ಕಾರ ತನ್ನ ಖರ್ಚಿಗೆ ತಾನೇ ಲಗಾಮು ಹಾಕಿಕೊಳ್ಳುವ ಕಾನೂನನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ನಮ್ಮದು. 2002ರಲ್ಲಿ, ಎಸ್. ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ ಬಂದ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ. ಕೇಂದ್ರದ ಅಂಥದ್ದೇ ಕಾಯ್ದೆ ಬಂದದ್ದು 2003ರಲ್ಲಿ. ಇದರ ಸಾರ ಮೂರು ಮಾತು. ದಿನನಿತ್ಯದ ಖರ್ಚಿಗೆ ಸಾಲ ಮಾಡಬೇಡ. ವರ್ಷದ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು. ಒಟ್ಟು ಹೊಣೆ ಶೇ 25 ದಾಟಬಾರದು.

ಈ ಕಾನೂನು ಬರೀ ಪುಸ್ತಕದಲ್ಲಿ ಉಳಿಯಲಿಲ್ಲ. 2004-05ರಿಂದ ಸುಮಾರು ಒಂದೂವರೆ ದಶಕ ಕರ್ನಾಟಕ ರಾಜಸ್ವ ಉಳಿತಾಯದ ರಾಜ್ಯವಾಗಿತ್ತು. ಅಂದರೆ ಸಂಬಳ, ಪಿಂಚಣಿ, ಸಬ್ಸಿಡಿ, ಬಡ್ಡಿ ಎಲ್ಲ ಕಳೆದ ಮೇಲೂ ವರ್ಷದ ಆದಾಯದಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಆ ನಡುವೆ ಯಾವ ಯಾವ ಪಕ್ಷದ ಸರ್ಕಾರಗಳು ಬಂದುಹೋದವು ಅಂತ ನೆನಪಿಸಿಕೊಳ್ಳಿ. ಎಲ್ಲ ಪಕ್ಷದವರೂ ಆ ಗೆರೆಯನ್ನು ಗೌರವಿಸಿದ್ದರು. ಸಾಧ್ಯ ಇದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಕೋವಿಡ್ ಬಂದಾಗ ಅದು ತಪ್ಪಿತು. ತಪ್ಪಬೇಕಾದದ್ದೇ. 2020-21ರಲ್ಲಿ ಕೇಂದ್ರದ ಕೊರತೆಯೂ ಜಿಡಿಪಿಯ ಶೇ 9.2ಕ್ಕೆ ಹೋಗಿತ್ತು. ಜನ ಆಸ್ಪತ್ರೆ ಬಾಗಿಲಲ್ಲಿ ನಿಂತಿರುವಾಗ ಸರ್ಕಾರ ಸಾಲದ ಲೆಕ್ಕ ನೋಡುತ್ತಾ ಕೂರಬಾರದು. ಒಳ್ಳೆ ಕಾಲದಲ್ಲಿ ಕೈ ಹಿಡಿಯೋದು ಇಂಥ ಕೆಟ್ಟ ಕಾಲದಲ್ಲಿ ಕೈ ಬಿಚ್ಚೋಕೆ ಜಾಗ ಇರಲಿ ಅಂತಲೇ.

ಪ್ರಶ್ನೆ ಇರೋದು ಆಮೇಲಿನದ್ದು. 2025-26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ. ಸಾಲ 1.16 ಲಕ್ಷ ಕೋಟಿ. ಬಜೆಟ್‌ನ ಒಂದು ರೂಪಾಯಿಯಲ್ಲಿ ಸುಮಾರು 28 ಪೈಸೆಯಷ್ಟು. ರಾಜಸ್ವ ಕೊರತೆ 19,262 ಕೋಟಿ. ಅಂದರೆ ದಿನದ ಖರ್ಚಿಗೇ ಅಷ್ಟು ಸಾಲ. ವರ್ಷದ ಕೊನೆಗೆ ಒಟ್ಟು ಹೊಣೆ 7,64,655 ಕೋಟಿ, ರಾಜ್ಯದ ಉತ್ಪನ್ನದ ಶೇ 24.91. ಗೆರೆ ಶೇ 25. ಕಾನೂನು ಮೀರಿಲ್ಲ. ಆದರೆ ಗೆರೆಗೆ ಹೆಗಲು ತಾಗಿಸಿಕೊಂಡು ನಿಂತಿದೀವಿ. ರಾಜ್ಯದ ಜನಸಂಖ್ಯೆ ಏಳು ಕೋಟಿ ಅಂತ ಹಿಡಿದರೂ ತಲೆಗೆ 1 ಲಕ್ಷ 9 ಸಾವಿರ. ನಮ್ಮ ಪಕ್ಕದ ಮನೆಯಲ್ಲಿ ಹೋದ ತಿಂಗಳು ಹುಟ್ಟಿದ ಪಾಪುವಿನ ಹೆಸರಿಗೂ ಸೇರಿಸಿ.

ಇಲ್ಲಿಗೆ ಬಂದ ತಕ್ಷಣ ಕಾಮೆಂಟ್ ಬರುತ್ತೆ, ಗೊತ್ತು ನನಗೆ: "ಗ್ಯಾರಂಟಿ ಎಲ್ಲ ನಿಲ್ಲಿಸಲಿ, ಸರಿಹೋಗುತ್ತೆ." ಸ್ವಲ್ಪ ತಾಳಿ.

ನನ್ನ ಚಿಕ್ಕಮ್ಮ ಹೊಲಿಗೆ ಕೆಲಸ ಮಾಡ್ತಾರೆ. ಚಿಕ್ಕಪ್ಪ ತೀರಿಹೋಗಿ ಒಂಬತ್ತು ವರ್ಷ. ಗೃಹಲಕ್ಷ್ಮಿಯ 2,000 ಬಂದ ದಿನ ಚಿಕ್ಕಮ್ಮ ಬಿಪಿ ಮಾತ್ರೆ ಮೂವತ್ತು ದಿನಕ್ಕೂ ಒಟ್ಟಿಗೆ ತಗೋತಾರೆ. ಮುಂಚೆ ಹತ್ತು ಹತ್ತು ಮಾತ್ರೆ ತರುತ್ತಿದ್ದರು, ನಡುವೆ ಬಿಡುತ್ತಿದ್ದರು. ನಮ್ಮಮ್ಮ ಶಕ್ತಿ ಬಸ್ಸು ಬಂದ ಮೇಲೆ ವರ್ಷಕ್ಕೆ ನಾಲ್ಕು ಸಲ ನನ್ನ ರೂಮಿಗೆ ಬಂದು ಉಪ್ಪಿನಕಾಯಿ ಇಟ್ಟು ಹೋಗ್ತಾರೆ. ಆ ದುಡ್ಡು ದಂಡ ಅಂತ ಹೇಳೋಕೆ ನನ್ನಿಂದ ಆಗಲ್ಲ. ಅಲ್ಲದೆ ಅಪ್ಪನ ಬಿಲ್ಲು ಸಿಕ್ಕಿಕೊಂಡಿದ್ದು ಗ್ಯಾರಂಟಿಗಳು ಹುಟ್ಟೋದಕ್ಕೂ ಮುಂಚೆ. ದುಡ್ಡಿಗಿಂತ ಹೆಚ್ಚು ಮಾತು ಕೊಡುವ ಅಭ್ಯಾಸ ಒಂದು ಪಕ್ಷದ್ದಲ್ಲ, ಒಂದು ಯೋಜನೆಯದ್ದೂ ಅಲ್ಲ.

ಹಾಗಾದರೆ ಏನು ಹೇಳ್ತಿದೀಯಾ ಅಂತ ಕೇಳಿ. ಚಿಕ್ಕಮ್ಮನ ಮಾತ್ರೆಗೆ ದುಡ್ಡು ಕೊಡಬೇಕು ಅಂತ ನಾವು ತೀರ್ಮಾನಿಸಿದರೆ, ಆ ದುಡ್ಡನ್ನು ಇವತ್ತಿನ ಆದಾಯದಿಂದ ಕೊಡೋಣ. ತೆರಿಗೆ ಏರಿಸಬೇಕಾದರೆ ಏರಿಸಿ ಅಂತ ಧೈರ್ಯವಾಗಿ ಹೇಳೋಣ, ಇಲ್ಲವಾದರೆ ಬೇರೆ ಯಾವುದೋ ಖರ್ಚು ಬಿಡೋಣ. ಗಾಡಿ, ಜಾಹೀರಾತು, ಶಂಕುಸ್ಥಾಪನೆ ಆಗಿ ಕಲ್ಲು ಮಾತ್ರ ಉಳಿದ ಕೆಲಸಗಳು, ಬಿಡೋಕೆ ಬೇಕಾದಷ್ಟಿವೆ. ಆದರೆ ಈ ತಿಂಗಳ ಮಾತ್ರೆಗೆ ಮೂವತ್ತು ವರ್ಷದ ಸಾಲ ಮಾಡಬಾರದು. ಸಾಲ ಮಾಡಲೇಬೇಕಾದರೆ ಸಾಲಕ್ಕಿಂತ ಹೆಚ್ಚು ಬಾಳುವ ವಸ್ತುವಿಗೆ ಮಾಡೋಣ. ಕೆರೆಗೆ, ರಸ್ತೆಗೆ, ಮೆಟ್ರೋಗೆ, ಶಾಲೆ ಕಟ್ಟಡಕ್ಕೆ. ಆಗ ಬಡ್ಡಿ ಕಟ್ಟುವ ಮಕ್ಕಳಿಗೆ ಆ ಶಾಲೆಯೂ ಸಿಕ್ಕಿರುತ್ತೆ.

ಖರ್ಚು ಮಿತಿಮೀರಿದರೆ ಏನಾಗುತ್ತೆ ಅನ್ನೋದಕ್ಕೆ ದೊಡ್ಡ ಉದಾಹರಣೆಗಳೂ ಇವೆ. ಶ್ರೀಲಂಕಾ 2019ರ ಕೊನೆಯಲ್ಲಿ ವ್ಯಾಟ್ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿತು. ಖರ್ಚು ಇಳಿಯಲಿಲ್ಲ, ಸಾಲ ಬೆಳೆಯಿತು. ಆಮೇಲೆ ಕೋವಿಡ್‌ನಿಂದ ಪ್ರವಾಸಿಗರು ನಿಂತರು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾಗದು ಅಂತ ಘೋಷಿಸಿತು. ಪೆಟ್ರೋಲ್‌ಗೆ ದಿನಗಟ್ಟಲೆ ಸರದಿ, ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಕರೆಂಟ್ ಇಲ್ಲ. ಪ್ರಶ್ನೆಪತ್ರಿಕೆಗೆ ಕಾಗದ ಇಲ್ಲ ಅಂತ ಮಕ್ಕಳ ಪರೀಕ್ಷೆ ಮುಂದಕ್ಕೆ ಹೋಯಿತು. ನಮ್ಮ ಸ್ಥಿತಿ ಹಾಗಿಲ್ಲ, ಅವರ ಸಾಲದ ದೊಡ್ಡ ಪಾಲು ಡಾಲರ್‌ನಲ್ಲಿತ್ತು. ಹೆದರಿಸೋಕೆ ಇದನ್ನು ಹೇಳ್ತಿಲ್ಲ.

ಆದರೆ ನಮಗೂ ಒಂದು ನೆನಪಿದೆ. 1990-91ರಲ್ಲಿ ಕೇಂದ್ರದ ಕೊರತೆ ಜಿಡಿಪಿಯ ಶೇ 8ರ ಆಸುಪಾಸಿನಲ್ಲಿತ್ತು. ವರ್ಷಗಟ್ಟಲೆ ಕೂಡಿಕೊಂಡು ಬಂದ ಕೊರತೆ. ಅದೇ ಹೊತ್ತಿಗೆ ಕೊಲ್ಲಿ ಯುದ್ಧ, ಎಣ್ಣೆ ಬೆಲೆ ಏರಿತು. ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಕ್ಕೆ ಇಳಿಯಿತು. 1991ರಲ್ಲಿ ದೇಶ ತನ್ನ ಚಿನ್ನವನ್ನು ವಿಮಾನದಲ್ಲಿ ಹೊರಗೆ ಕಳಿಸಿತು. ಮೊದಲು 20 ಟನ್, ಆಮೇಲೆ ಸುಮಾರು 47 ಟನ್. ಎರಡನೆಯದಕ್ಕೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ಶಾಲೆಯಲ್ಲಿ ಇದನ್ನು ಒಂದು ಅಂಕದ ಪ್ರಶ್ನೆಯಾಗಿ ಓದಿದ್ದೆ. ಈಗ ಓದಿದರೆ ಅಮ್ಮನ ಗಾಜಿನ ಬಳೆ ನೆನಪಾಗುತ್ತೆ.

ಇಂಥ ದೊಡ್ಡ ಬಿಕ್ಕಟ್ಟಿಗಿಂತ ನನ್ನನ್ನು ಕಾಡೋದು ಸದ್ದಿಲ್ಲದೆ ಆಗುವ ಸಣ್ಣದು. ದುಡ್ಡು ಸಾಲದಾದಾಗ ಸರ್ಕಾರ ಯಾರಿಗೆ ಮೊದಲು ಕೊಡುತ್ತೆ? ಸಾಲದ ಬಡ್ಡಿ ತಪ್ಪಿಸೋಕೆ ಆಗಲ್ಲ, ತಪ್ಪಿಸಿದರೆ ನಾಳೆಯಿಂದ ಯಾರೂ ಸಾಲ ಕೊಡಲ್ಲ. ಸಂಬಳ, ಪಿಂಚಣಿ ತಪ್ಪಿಸೋಕೆ ಆಗಲ್ಲ. ಇವನ್ನೇ ಬದ್ಧ ವೆಚ್ಚ ಅನ್ನೋದು. ಘೋಷಣೆ ಮಾಡಿದ ದೊಡ್ಡ ಯೋಜನೆ ನಿಲ್ಲಿಸಿದರೆ ಚುನಾವಣೆ ಇದೆ. ಹಾಗಾದರೆ ಉಳಿದವರು ಯಾರು? ಹಾಸ್ಟೆಲ್ ರಿಪೇರಿ. ಕೆರೆ ಏರಿ ದುರಸ್ತಿ. ಸ್ಕಾಲರ್‌ಶಿಪ್ಪಿಗೆ ಕಾಯುವ ಹುಡುಗಿ. 11 ಲಕ್ಷ 40 ಸಾವಿರದ ಬಿಲ್ಲು ಹಿಡಿದು ಸೋಮವಾರ ಬರುವ ಯಜಮಾನ್ರು. ಇವರು ಧರಣಿ ಮಾಡಲ್ಲ, ಮಾಡಿದರೂ ಟಿವಿಯಲ್ಲಿ ಬರಲ್ಲ. ಬಡ್ಡಿಯ ಸಾಲು ಉದ್ದ ಆದಷ್ಟೂ ಇವರ ಸರದಿ ಹಿಂದಕ್ಕೆ ಹೋಗುತ್ತೆ.

ಮಿತವ್ಯಯ ಅಂದರೆ ಜಿಪುಣತನ ಅಂತ ಅಂದುಕೊಂಡಿದ್ದೆ ನಾನು. ಬಡವರ ಬಗ್ಗೆ ಕಾಳಜಿ ಇಲ್ಲದವರ ಮಾತು ಅಂತ. ಈಗ ಹಾಗನಿಸಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವಷ್ಟೇ ಮಾತು ಕೊಡೋದು, ಅದೇ ಮಿತವ್ಯಯ. ಅದರಿಂದ ಮೊದಲು ಉಳಿಯೋದು ಅಪ್ಪನಂಥವರು.

ನಾವು ಏನು ಮಾಡಬಹುದು? ದೊಡ್ಡ ಉಪದೇಶ ಇಲ್ಲ. ಬಜೆಟ್ ದಿನ "ಯಾವುದು ಅಗ್ಗ, ಯಾವುದು ತುಟ್ಟಿ" ಅನ್ನೋ ಪಟ್ಟಿ ಎಲ್ಲರ ಗ್ರೂಪಲ್ಲೂ ಓಡಾಡುತ್ತೆ. ಮುಂದಿನ ಸಲ ಅದರ ಜೊತೆ ಮೂರು ಅಂಕಿ ಹುಡುಕಿ. ರಾಜಸ್ವ ಕೊರತೆ ಎಷ್ಟು, ಅಂದರೆ ದಿನಸಿಗೆ ಎಷ್ಟು ಸಾಲ? ಬಡ್ಡಿಗೆ ಎಷ್ಟು ಹೋಗುತ್ತೆ? ಮುಗಿದ ಕೆಲಸಗಳ ಬಿಲ್ಲು ಬಾಕಿ ಎಷ್ಟು? ಮೊದಲ ಎರಡು ಬಜೆಟ್ ಪುಸ್ತಕದಲ್ಲೇ ಸಿಗುತ್ತವೆ. ಮೂರನೆಯದು ಅಷ್ಟು ಸುಲಭವಾಗಿ ಸಿಗಲ್ಲ, ಅದಕ್ಕೇ ಕೇಳಬೇಕು. ವೋಟು ಕೇಳೋಕೆ ಮನೆ ಬಾಗಿಲಿಗೆ ಬಂದವರನ್ನು, ಯಾವ ಪಕ್ಷದವರೇ ಇರಲಿ, "ಇದಕ್ಕೆ ದುಡ್ಡು ಎಲ್ಲಿಂದ?" ಅಂತ ಒಂದು ಮಾತು ಕೇಳಿ. ಅಂಗಡಿಯಲ್ಲಿ ಸೊಪ್ಪಿಗೆ ಐದು ರೂಪಾಯಿ ಚೌಕಾಸಿ ಮಾಡುವವರು ನಾವು, ಇಲ್ಲಿ ಯಾಕೆ ಸಂಕೋಚ?

ನನ್ನ ಕಾರ್ಡಿನ ಸಾಲ ತೀರಿಸೋಕೆ ಹನ್ನೊಂದು ತಿಂಗಳು ಹಿಡಿಯಿತು. ಸ್ವಿಗ್ಗಿ ಆ್ಯಪ್ ತೆಗೆದೆ, ಫೋನ್ ಬದಲಿಸಲಿಲ್ಲ, ಒಂದು ಗೋವಾ ಟ್ರಿಪ್‌ಗೆ ಹೋಗಲಿಲ್ಲ. ಹೋದವರ ಫೋಟೋ ನೋಡಿ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಸಾಲ ತೀರಿದ ಮೇಲೆ ಉಳಿದ ಮೊದಲ 10 ಸಾವಿರದಲ್ಲಿ ಒಂದು ವಿಚಿತ್ರ ಕೆಲಸ ಮಾಡಿದೆ. ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಅನ್ನೋ ಪೋರ್ಟಲ್ ಇದೆ, 2021ರ ನವೆಂಬರ್‌ನಲ್ಲಿ ಶುರುವಾದದ್ದು. ನಮ್ಮಂಥವರೂ ಅಲ್ಲಿ 10 ಸಾವಿರದಿಂದ ಸರ್ಕಾರಿ ಬಾಂಡ್ ಕೊಳ್ಳಬಹುದು. ನಾನು ಕರ್ನಾಟಕ ಸರ್ಕಾರದ ಬಾಂಡ್ ಕೊಂಡೆ.

ಆರು ತಿಂಗಳಿಗೊಮ್ಮೆ ಬಡ್ಡಿ ಬರುತ್ತೆ. ಹೇಳಿದ ದಿನ, ಹೇಳಿದಷ್ಟು. ಮೊದಲ ಸಲ ಮೆಸೇಜ್ ಬಂದಾಗ ನಾನು ಊರಲ್ಲಿದ್ದೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

"ನಮ್ಮ ಸರ್ಕಾರದ್ದೇನಾ ಇದು?"

"ಹೂಂ."

"ಇಷ್ಟು ಟೈಮಿಗೆ ಸರಿಯಾಗಿ ಕೊಡ್ತಾರಾ?"

ನಾನು ಏನೂ ಹೇಳಲಿಲ್ಲ. ಅಪ್ಪ ಫೋನ್ ವಾಪಸ್ ಕೊಟ್ಟು ಬೈಕ್ ಕೀ ತಗೊಂಡರು. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಪ್ರತಿ ದೊಡ್ಡ ಮಳೆ ಆದ ಮೇಲೆ ಅವರು ಆ ಮೋರಿ ನೋಡಿಕೊಂಡು ಬರ್ತಾರೆ, ಈಗಲೂ. ನಾನೂ ಹಿಂದೆ ಕೂತೆ. ಹಳ್ಳ ಕೆಂಪಗೆ ತುಂಬಿ ಹರೀತಾ ಇತ್ತು. ಮೇಲೆ ರಸ್ತೆಯಲ್ಲಿ ಯೂನಿಫಾರಂ ಹಾಕಿದ ಇಬ್ಬರು ಹುಡುಗಿಯರು ಸೈಕಲ್ ತಳ್ಳಿಕೊಂಡು ಶಾಲೆಗೆ ಹೋಗ್ತಾ ಇದ್ದರು.